ವಂಡರ್‌ಲಾ, ರಾಮೋಜಿ, ಇಲ್ಲಾ ಕಮಲಾಪುರದ ಜೂ: ಸಣ್ಣ ಮಕ್ಕಳಿದ್ದರೆ ಎಲ್ಲಿಗೆ ಹೋಗಬೇಕು?

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿತ್ತು ಅಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಒಂದೇ ಹಟ. ‘ವಂಡರ್‌ಲಾಗೆ ಯಾವಾಗ ಹೋಗೋದು?’ ಪಕ್ಕದ ಮನೆ ಹುಡುಗ ಹೋಗಿ ಬಂದಿರುತ್ತಾನೆ. ಮೊಬೈಲಿನಲ್ಲಿ ವಿಡಿಯೊ ತೋರಿಸಿರುತ್ತಾನೆ. ದೊಡ್ಡವರು ಕೂತು ಲೆಕ್ಕ ಹಾಕುತ್ತಾರೆ. ಬೆಂಗಳೂರಾ, ಹೈದರಾಬಾದಾ? ರೈಲಾ, ಕಾರಾ? ಎಷ್ಟಾಗುತ್ತೆ? ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ. ನಮ್ಮ ಮಗು ಎಷ್ಟು ಎತ್ತರ ಇದೆ?

ಪಾರ್ಕಿನ ಗೇಟಿನಲ್ಲಿ ನೋಡುವುದು ಅದನ್ನೇ. ಮಗು ಯಾವ ಕ್ಲಾಸು, ಎಷ್ಟು ಧೈರ್ಯ ಅಂತ ಯಾರೂ ಕೇಳುವುದಿಲ್ಲ. ಗೋಡೆಯ ಮೇಲಿನ ಗೆರೆಗೆ ನಿಲ್ಲಿಸುತ್ತಾರೆ, ಅಷ್ಟೇ. ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಈ ಬರಹ ಓದುವ ಅಗತ್ಯ ಇಲ್ಲ, ಸುಮ್ನೆ ವಂಡರ್‌ಲಾಗೆ ಟಿಕೆಟ್ ತೆಗೆಯಿರಿ. ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಸ್ವಲ್ಪ ಕೂತು ಯೋಚಿಸಬೇಕು.

ಮೊದಲು ಟೇಪು ಹಿಡಿಯಿರಿ

ವಂಡರ್‌ಲಾದಲ್ಲಿ 85 ಸೆಂಟಿಮೀಟರಿಗಿಂತ ಕಡಿಮೆ ಎತ್ತರದ ಮಗುವಿಗೆ ಟಿಕೆಟ್ ಬೇಕಿಲ್ಲ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. ಅದರ ಮೇಲೆ ದೊಡ್ಡವರ ಟಿಕೆಟ್. ಸಾಮಾನ್ಯವಾಗಿ ಎರಡು ವರ್ಷದ ಹೊತ್ತಿಗೆ ಮಗು 85ರ ಆಸುಪಾಸಿಗೆ ಬಂದಿರುತ್ತದೆ. ಐದು ವರ್ಷಕ್ಕೆ ಸುಮಾರು 105ರಿಂದ 110. 140 ಮುಟ್ಟಲು ಹತ್ತು, ಹನ್ನೊಂದು ವರ್ಷ ಬೇಕು.

ಇನ್ನು ಒಳಗಿನ ಕಥೆ. ಜಾಹೀರಾತಿನಲ್ಲಿ ತೋರಿಸುವ, ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುವ ದೊಡ್ಡ ರೈಡುಗಳಲ್ಲಿ ಎಷ್ಟೋ ರೈಡಿಗೆ 140 ಸೆಂ.ಮೀ. ಇರಲೇಬೇಕು. ಅಂದರೆ ನಾಲ್ಕು ವರ್ಷದ ಮಗುವಿಗೆ ದುಡ್ಡು ಕೊಟ್ಟು ಒಳಗೆ ಕರೆದುಕೊಂಡು ಹೋಗುತ್ತೀರಿ. ಅದು ಪಾರ್ಕಿನ ಮುಕ್ಕಾಲು ಭಾಗವನ್ನು ಕೆಳಗೆ ನಿಂತು ನೋಡುತ್ತದೆ. ಅದರ ಜೊತೆ ಅಪ್ಪನೋ ಅಮ್ಮನೋ ಒಬ್ಬರು ಕೆಳಗೇ ನಿಲ್ಲಬೇಕು. ಮೇಲಿಂದ ಅಣ್ಣ ಕಿರುಚುತ್ತಾ ಇಳಿದು ಬರುವುದನ್ನು ನೋಡಿ ತಮ್ಮನ ಅಳು ಬೇರೆ. 85ರಿಂದ 120ರವರೆಗಿನ ಎತ್ತರ ಅಪ್ಪನ ಜೇಬಿಗೆ ನಷ್ಟದ ಎತ್ತರ ಅಂತಲೇ ನನ್ನ ಅಭಿಪ್ರಾಯ.

ಹಾಗಂತ ಸಣ್ಣವರಿಗೆ ಅಲ್ಲಿ ಏನೂ ಇಲ್ಲ ಅಂತಲ್ಲ. ಮೆಲ್ಲಗೆ ತಿರುಗುವ ಕುದುರೆ, ಪುಟ್ಟ ಕಾರು, ಮೊಣಕಾಲುದ್ದ ನೀರಿನ ಕೊಳ, ಮೇಲಿಂದ ನೀರು ಸುರಿಯುವ ಬಕೆಟ್ಟು, ಇವೆಲ್ಲ ಇವೆ. ಮಗುವಿಗೆ ಅಷ್ಟೇ ಸಾಕು, ಖುಷಿಯಾಗಿ ಆಡುತ್ತದೆ. ಆದರೆ ಅಷ್ಟಕ್ಕೆ ಮುನ್ನೂರು ಕಿಲೋಮೀಟರ್ ಬೇಕಾ ಅನ್ನುವುದು ಪ್ರಶ್ನೆ. ಮೂರು ವರ್ಷದ ಮಗು ನೀರು ಕಂಡರೆ ಕುಣಿಯುತ್ತದೆ. ಆ ನೀರು ಬಿಡದಿಯದೋ ಹೊಸಪೇಟೆಯದೋ ಅದಕ್ಕೆ ಗೊತ್ತಾಗುವುದಿಲ್ಲ.

ವಂಡರ್‌ಲಾ: ಬೆಂಗಳೂರಿನದಾ, ಹೈದರಾಬಾದಿನದಾ?

ಬೆಂಗಳೂರಿನ ವಂಡರ್‌ಲಾ 2005ರಲ್ಲಿ ಶುರುವಾಯಿತು. ಇರುವುದು ಬಿಡದಿ ಹತ್ತಿರ, ಮೈಸೂರು ರಸ್ತೆಯಲ್ಲಿ. ಹೈದರಾಬಾದಿನದು 2016ರಲ್ಲಿ ಬಂತು. ಅದು ರಾವಿರ್ಯಾಲದಲ್ಲಿ, ಹೊರ ವರ್ತುಲ ರಸ್ತೆಯ ಪಕ್ಕ. ಎರಡೂ ಒಂದೇ ಕಂಪನಿಯವು, ಒಳಗಿನ ವ್ಯವಸ್ಥೆಯೂ ಹೆಚ್ಚುಕಡಿಮೆ ಒಂದೇ ತರಹ. ಹಾಗಾಗಿ ರೈಡುಗಳ ಪಟ್ಟಿ ಹಿಡಿದು ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಊರು ಯಾವುದು ಅನ್ನುವುದೇ ಇಲ್ಲಿ ತೀರ್ಮಾನ ಮಾಡುತ್ತದೆ.

ರಾಯಚೂರಿನವರಿಗೆ ಹೈದರಾಬಾದ್. ಇದರಲ್ಲಿ ಎರಡು ಮಾತಿಲ್ಲ. ಬೆಂಗಳೂರು ನಾನೂರು ಕಿಲೋಮೀಟರ್ ಚಿಲ್ಲರೆ, ಹೈದರಾಬಾದ್ ಅದರ ಅರ್ಧ. ಶಕ್ತಿನಗರ ದಾಟಿ, ಕೃಷ್ಣಾ ನದಿ ದಾಟಿ, ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ ಮೇಲೆ ಶಂಷಾಬಾದಿಗೆ ಬರುತ್ತೀರಿ. ಅಲ್ಲಿಂದ ವರ್ತುಲ ರಸ್ತೆ ಹಿಡಿದರೆ ರಾವಿರ್ಯಾಲ. ಊರೊಳಗೆ ಕಾಲಿಡುವ ಅಗತ್ಯವೇ ಇಲ್ಲ. ಹೈದರಾಬಾದಿನ ಟ್ರಾಫಿಕ್ ನೋಡಿದವರಿಗೆ ಇದರ ಬೆಲೆ ಗೊತ್ತು. ನಸುಕಿನಲ್ಲಿ ಹೊರಟರೆ ಪಾರ್ಕು ತೆರೆಯುವ ಹೊತ್ತಿಗೆ ಆರಾಮಾಗಿ ಮುಟ್ಟಬಹುದು. ಅದೇ ರಾತ್ರಿ ವಾಪಸ್ ಬರಲೂಬಹುದು. ಆದರೆ ದಿನವಿಡೀ ನೀರಲ್ಲಿ ಆಡಿದ ಮಕ್ಕಳನ್ನು ಕೂರಿಸಿಕೊಂಡು, ತಾವೂ ದಣಿದು, ರಾತ್ರಿ ನಾಲ್ಕು ಗಂಟೆ ಗಾಡಿ ಓಡಿಸುವುದು ನನಗೆ ಸರಿ ಕಾಣುವುದಿಲ್ಲ. ಶಂಷಾಬಾದ್ ಕಡೆ ಒಂದು ರೂಮು ಮಾಡಿ, ಬೆಳಗ್ಗೆ ಹೊರಡಿ.

ಕಾರು ಇಲ್ಲದವರಿಗೆ ರೈಲಿದೆ. ಮಹಬೂಬ್‌ನಗರ–ಕೃಷ್ಣಾ ಮಾರ್ಗ ಮುಗಿದ ಮೇಲೆ, 2023ರ ಅಕ್ಟೋಬರಿನಲ್ಲಿ, ಕಾಚಿಗುಡ–ರಾಯಚೂರು ರೈಲು ಶುರುವಾಯಿತು. ಅದಕ್ಕೂ ಮೊದಲು ಹೆಚ್ಚಿನ ರೈಲುಗಳು ವಾಡಿ ಸುತ್ತಿ ಹೋಗುತ್ತಿದ್ದವು. ಆದರೆ ಕಾಚಿಗುಡ ಹೈದರಾಬಾದ್ ಊರೊಳಗಿನ ಸ್ಟೇಷನ್. ಅಲ್ಲಿಂದ ರಾವಿರ್ಯಾಲಕ್ಕೆ ಮತ್ತೆ ಕ್ಯಾಬ್ ಬೇಕು. ಕೂಸು, ಚೀಲ, ಅಜ್ಜಿ ಎಲ್ಲ ಇದ್ದರೆ ನಾಲ್ಕೈದು ಮನೆಯವರು ಸೇರಿ ರಾಯಚೂರಿನಿಂದಲೇ ಒಂದು ಟೆಂಪೊ ಟ್ರಾವೆಲರ್ ಮಾಡಿಕೊಳ್ಳುವುದು ಲೇಸು.

ಬಳ್ಳಾರಿ, ಕೊಪ್ಪಳದವರಿಗೆ ಬೆಂಗಳೂರು. ಬಳ್ಳಾರಿಯಿಂದ ಮುನ್ನೂರು ಕಿಲೋಮೀಟರ್ ಮೇಲೆ ಇದೆ. ಹೈದರಾಬಾದೂ ಅದಕ್ಕಿಂತ ತೀರಾ ದೂರ ಏನಲ್ಲ. ಆದರೆ ನಮಗೆ ಹಂಪಿ ಎಕ್ಸ್‌ಪ್ರೆಸ್ ಇದೆಯಲ್ಲ! ಹುಬ್ಬಳ್ಳಿಯಿಂದ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೇಲೆ ರಾತ್ರಿಯಿಡೀ ಓಡಿ ಬೆಳಗ್ಗೆ ಬೆಂಗಳೂರು ಮುಟ್ಟಿಸುತ್ತದೆ. ಮಕ್ಕಳು ಮಲಗಿದಲ್ಲೇ ದಾರಿ ಸಾಗುತ್ತದೆ. ಸಣ್ಣ ಮಕ್ಕಳಿರುವವರಿಗೆ ಇದಕ್ಕಿಂತ ಒಳ್ಳೆಯ ಸವಾರಿ ಇಲ್ಲ. ಸ್ಲೀಪರ್ ಬಸ್ಸಿನಲ್ಲಿ ಮಗುವಿಗೆ ಒಂದಕ್ಕೆ ಬಂದರೆ ಡ್ರೈವರನ್ನು ಬೇಡಿಕೊಳ್ಳಬೇಕು, ರೈಲಿನಲ್ಲಿ ಆ ತಾಪತ್ರಯ ಇಲ್ಲ.

ಇಲ್ಲೊಂದು ತೊಡಕು. ರೈಲು ಮುಟ್ಟುವುದು ಬೆಳಕು ಹರಿಯುವ ಹೊತ್ತಿಗೆ. ಪಾರ್ಕು ತೆರೆಯುವುದು ಹನ್ನೊಂದಕ್ಕೆ. ನಡುವಿನ ಆ ನಾಲ್ಕೈದು ಗಂಟೆ ಮಕ್ಕಳನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ? ಬಹಳ ಮಂದಿ ಇದನ್ನು ಯೋಚಿಸಿಯೇ ಇರುವುದಿಲ್ಲ. ಪ್ಲಾಟ್‌ಫಾರಂನಲ್ಲಿ ಹಲ್ಲುಜ್ಜಿಸಿ, ಹೋಟೆಲಿನಲ್ಲಿ ಇಡ್ಲಿ ತಿನ್ನಿಸಿ, ಅಲ್ಲಿಂದ ಸೀದಾ ಗೇಟಿಗೆ ಹೋಗಿ ಕೂತರೆ ಹನ್ನೊಂದು ಗಂಟೆಗೆ ಮಗು ಅರ್ಧ ದಣಿದಿರುತ್ತದೆ. ಮೆಜೆಸ್ಟಿಕ್ ಹತ್ತಿರ ಅರ್ಧ ದಿನಕ್ಕೆ ಒಂದು ಸಣ್ಣ ರೂಮು ಮಾಡಿ. ಸ್ನಾನ, ತಿಂಡಿ, ಇನ್ನೊಂದು ಗಂಟೆ ನಿದ್ದೆ. ನೆಂಟರ ಮನೆ ಇದ್ದರೆ ಅಲ್ಲಿಗೆ ಹೋಗಬಹುದು. ಆದರೆ ನೆಂಟರ ಮನೆಗೆ ಹೋದಮೇಲೆ ಹತ್ತು ಗಂಟೆಗೆ ಹೊರಡಲು ಬಿಡುತ್ತಾರೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ.

ಮೆಜೆಸ್ಟಿಕ್‌ನಿಂದ ಮೆಟ್ರೊದ ನೇರಳೆ ಮಾರ್ಗ ಈಗ ಕೆಂಗೇರಿ ದಾಟಿ ಚಲ್ಲಘಟ್ಟದವರೆಗೆ ಇದೆ. ಮಕ್ಕಳಿಗೆ ಮೆಟ್ರೊ ಕೂಡ ಒಂದು ರೈಡೇ, ಅದಕ್ಕೆ ಎತ್ತರದ ತಕರಾರೂ ಇಲ್ಲ. ಅಲ್ಲಿಂದ ಮುಂದೆ ಬಸ್ಸು ಇಲ್ಲವೇ ಕ್ಯಾಬ್. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಆಟೊ, ಬೈಕ್ ಬಿಡುವುದಿಲ್ಲ. ಆಟೊ ಹತ್ತಿದರೆ ಸರ್ವಿಸ್ ರಸ್ತೆಯಲ್ಲಿ ನಿಧಾನಕ್ಕೆ ಹೋಗಬೇಕು, ಅದನ್ನು ತಿಳಿದೇ ಹತ್ತಿ.

ಖರ್ಚಿನ ವಿಚಾರ. ಟಿಕೆಟ್ ದರ ದಿನದ ಮೇಲೆ ಬದಲಾಗುತ್ತದೆ. ಶನಿವಾರ, ಭಾನುವಾರ, ಹಬ್ಬದ ರಜೆಗಳಲ್ಲಿ ಜಾಸ್ತಿ. ದೊಡ್ಡವರಿಗೆ ಸಾವಿರ ದಾಟುತ್ತದೆ ಅಂತ ಇಟ್ಟುಕೊಂಡೇ ಹೊರಡಿ. ಮಕ್ಕಳದ್ದು ಅದಕ್ಕಿಂತ ಕಡಿಮೆ, ಆದರೆ ಅರ್ಧಕ್ಕೇನೂ ಇಳಿಯುವುದಿಲ್ಲ. ಅರವತ್ತು ದಾಟಿದವರಿಗೆ ರಿಯಾಯಿತಿ ಇದೆ, ವಯಸ್ಸಿನ ದಾಖಲೆ ತನ್ನಿ. ‘ನಾನು ಯಾವ ಆಟಾನೂ ಆಡಲ್ಲ, ಸುಮ್ನೆ ಕೂಸನ್ನ ಹಿಡ್ಕೊಂಡು ಕೂರ್ತೀನಿ’ ಅನ್ನುವ ಅಜ್ಜಿಗೂ ಟಿಕೆಟ್ ಬೇಕೇ ಬೇಕು. ಒಳಗೆ ಲಾಕರಿಗೆ, ಊಟಕ್ಕೆ, ನೀರಿನ ಬಟ್ಟೆ ತರದಿದ್ದರೆ ಅದಕ್ಕೆ ಮತ್ತೆ ದುಡ್ಡು. ಇಬ್ಬರು ಮಕ್ಕಳಿರುವ ಸಂಸಾರಕ್ಕೆ ಟಿಕೆಟ್ ದುಡ್ಡು ಎಷ್ಟಾಗುತ್ತದೋ, ರೈಲು, ರೂಮು, ಕ್ಯಾಬು, ಊಟ ಸೇರಿ ಹತ್ತಿರ ಹತ್ತಿರ ಇನ್ನೊಂದು ಅಷ್ಟಾಗುತ್ತದೆ. ಅದಕ್ಕೇ ಹೇಳುವುದು, ಮನೆಯ ಹಿರಿಮಗು 120 ದಾಟುವವರೆಗೆ ಈ ದುಡ್ಡನ್ನು ಕಾಪಾಡಿಕೊಳ್ಳಿ ಅಂತ.

ರಾಮೋಜಿ ಫಿಲ್ಮ್ ಸಿಟಿ

1996ರಲ್ಲಿ ಶುರುವಾದದ್ದು. ಜಗತ್ತಿನಲ್ಲೇ ದೊಡ್ಡ ಫಿಲ್ಮ್ ಸ್ಟುಡಿಯೊ ಅಂತ ಗಿನ್ನಿಸ್ ದಾಖಲೆಯಲ್ಲಿದೆ. ಇರುವುದು ಹೈದರಾಬಾದಿನ ಆಚೆ ಬದಿಗೆ, ವಿಜಯವಾಡ ಹೆದ್ದಾರಿಯಲ್ಲಿ. ಅಂದರೆ ನಮ್ಮ ಕಡೆಯಿಂದ ಹೋಗುವವರು ಊರನ್ನು ಪೂರ್ತಿ ಸುತ್ತಿ ಹೋಗಬೇಕು. ಬೆಳಗ್ಗೆ ಹೋಗಿ ರಾತ್ರಿ ಬರುವ ಮಾತು ರಾಯಚೂರಿನವರಿಗೂ ಬೇಡ.

ಇದರ ದೊಡ್ಡ ಗುಣ ಅಂದರೆ ಮಗು ಗಿಡ್ಡ ಅಂತ ಎಲ್ಲ ಕಡೆ ತಡೆಯುವುದಿಲ್ಲ. ಕೆಂಪು ಬಸ್ಸಿನಲ್ಲಿ ಕೂರಿಸಿ ಸೆಟ್ಟುಗಳನ್ನು ತೋರಿಸುತ್ತಾರೆ. ಒಂದು ಬದಿ ಊರಿನ ಬೀದಿ, ಇನ್ನೊಂದು ಬದಿ ನೋಡಿದರೆ ಹಿಂದೆ ಬರೀ ಹಲಗೆ. ಏಳೆಂಟು ವರ್ಷದ ಮಕ್ಕಳಿಗೆ ಇದು ಭಾರಿ ಮಜಾ. ಹಕ್ಕಿಗಳ ಪಾರ್ಕು ಇದೆ, ಚಿಟ್ಟೆಗಳ ತೋಟ ಇದೆ, ಸ್ಟಂಟ್ ಶೋ ಇದೆ, ಮಕ್ಕಳಿಗೆ ಅಂತಲೇ ಬೇರೆ ಆಟದ ಜಾಗ ಇದೆ. ಅಜ್ಜ ಅಜ್ಜಿಯರೂ ನೋಡಿ ಖುಷಿಪಡುತ್ತಾರೆ. ನೋಡುವುದು ಜಾಸ್ತಿ, ಆಡುವುದು ಕಡಿಮೆ. ಶೋಗಳ ಮಾತು ತೆಲುಗು, ಹಿಂದಿ. ಬಳ್ಳಾರಿ, ರಾಯಚೂರು ಮಕ್ಕಳಿಗೆ ತೆಲುಗು ಏನು ಹೊಸದಾ? ಬೆಂಗಳೂರಿನ ಅಣ್ಣತಮ್ಮಂದಿರಿಗಿಂತ ನಮ್ಮವರೇ ಚೆನ್ನಾಗಿ ನಗುತ್ತಾರೆ.

ನಾಲ್ಕು ವರ್ಷದೊಳಗಿನವರಿಗೆ ಮಾತ್ರ ಇದು ಬೇಡ. ಶೋ ಶುರುವಾಗುವವರೆಗೆ ಕಾಯಬೇಕು, ಬಸ್ಸಿಗೆ ಕಾಯಬೇಕು, ನಡಿಗೆಯೂ ಇದೆ. ಕಾಯುವುದು ಆ ವಯಸ್ಸಿಗೆ ಆಗದ ಕೆಲಸ. ಏಪ್ರಿಲ್, ಮೇ ತಿಂಗಳ ಬಿಸಿಲಿಗೂ ಬೇಡ. ರಾಯಚೂರಿನ ಬಿಸಿಲು ಬಿಟ್ಟು ಹೈದರಾಬಾದಿನ ಬಿಸಿಲಿಗೆ ದುಡ್ಡು ಕೊಟ್ಟು ಹೋಗುವುದರಲ್ಲಿ ಏನು ಅರ್ಥ? ದಸರಾ ರಜೆಯಲ್ಲೋ, ಸಂಕ್ರಾಂತಿ ಆಸುಪಾಸಿಗೋ ಹೋಗಿ.

ಬೇಸಿಗೆಯಲ್ಲೇ ಹೈದರಾಬಾದಿಗೆ ಹೋಗಬೇಕಾಗಿ ಬಂದರೆ ಸ್ನೋ ವರ್ಲ್ಡ್ ನೋಡಿ. ಹುಸೇನ್ ಸಾಗರದ ಹತ್ತಿರ, ಲೋವರ್ ಟ್ಯಾಂಕ್‌ಬಂಡ್‌ನಲ್ಲಿದೆ. ಒಳಗೆ ಸೊನ್ನೆಗಿಂತ ಕೆಳಗಿನ ಚಳಿ. ಜಾಕೆಟ್, ಬೂಟು ಅವರೇ ಕೊಡುತ್ತಾರೆ. ಸುಮಾರು ಒಂದು ಗಂಟೆಯ ಆಟ. ಸಣ್ಣ ಮಕ್ಕಳಿಗೆ ಒಂದು ಗಂಟೆ ಸರಿಯಾದ ಅಳತೆ. ಮಾರನೇ ದಿನ ಬೆಳಗ್ಗೆ ನೆಹರೂ ಜೂ ನೋಡಿ, ಒಳಗೆ ಪುಟ್ಟ ರೈಲಿದೆ. ಸೋಮವಾರ ಮಾತ್ರ ಜೂಗೆ ರಜೆ.

ಮೈಸೂರನ್ನೂ ಒಮ್ಮೆ ನೆನೆಯಿರಿ

ಹಂಪಿ ಎಕ್ಸ್‌ಪ್ರೆಸ್ ಬೆಂಗಳೂರಿನಲ್ಲೇ ಮುಗಿಯುವುದಿಲ್ಲ, ಮೈಸೂರಿನವರೆಗೂ ಹೋಗುತ್ತದೆ. ಕೊಪ್ಪಳದಲ್ಲಿ ಹತ್ತಿದವರು ಮೈಸೂರಿನಲ್ಲಿ ಇಳಿಯಬಹುದು. ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ವಂಡರ್‌ಲಾಗಿಂತ ಸಣ್ಣದು, ನಡೆಯುವ ದೂರ ಕಡಿಮೆ, ಹಾಗಾಗಿ ಸಣ್ಣ ಮಕ್ಕಳ ಕಾಲಿಗೆ ಹಿತ. ಬರೀ ಪಾರ್ಕಿಗೆ ಅಂತ ಅಷ್ಟು ದೂರ ಹೋಗಬೇಡಿ. ಎರಡು ದಿನ ಇಟ್ಟುಕೊಂಡು 1892ರಷ್ಟು ಹಳೆಯದಾದ ಮೈಸೂರಿನ ಜೂ ಸೇರಿಸಿಕೊಂಡರೆ ಪ್ರಯಾಣಕ್ಕೆ ಬೆಲೆ ಬರುತ್ತದೆ. ಅಲ್ಲಿ ಜೂಗೆ ಮಂಗಳವಾರ ರಜೆ.

ಐದು ವರ್ಷದೊಳಗಿನವರಿಗೆ ನನ್ನ ಮೊದಲ ಆಯ್ಕೆ ಇಲ್ಲೇ ಇದೆ

ಹೊಸಪೇಟೆ ಪಕ್ಕದ ಕಮಲಾಪುರದ ಹತ್ತಿರ, ಬಿಳಿಕಲ್ ಕಾಡಿನಲ್ಲಿ ಅಟಲ್ ಬಿಹಾರಿ ವಾಜಪೇಯಿ ಜೂ ಇದೆ. ಹುಲಿ ಸಫಾರಿ, ಸಿಂಹ ಸಫಾರಿ ಎರಡೂ ಇವೆ. ಕಿಟಕಿಗೆ ಜಾಲರಿ ಹಾಕಿದ ಬಸ್ಸಿನಲ್ಲಿ ಮಗು ಒಳಗೆ, ಹುಲಿ ಹೊರಗೆ. ಮೂರು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ರೋಲರ್ ಕೋಸ್ಟರ್ ಬೇಕಿಲ್ಲ. ಬಳ್ಳಾರಿಯಿಂದ ಹೊಸಪೇಟೆ ಅರವತ್ತು ಕಿಲೋಮೀಟರ್ ಚಿಲ್ಲರೆ, ಕೊಪ್ಪಳದಿಂದ ಅದರ ಅರ್ಧ. ಹೊಸಪೇಟೆ ಈಗ ವಿಜಯನಗರ ಜಿಲ್ಲೆಗೆ ಸೇರಿದೆ, ಆದರೆ ಬಳ್ಳಾರಿಯವರಿಗೆ ಅದು ಇನ್ನೂ ನಮ್ಮದೇ. ಸಾದಾ ಸಾರಿಗೆ ಬಸ್ಸಿನಲ್ಲಿ ಬಂದರೆ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ.

ಇಲ್ಲಿನ ದಿನವನ್ನು ಹೀಗೆ ಹೊಂದಿಸಿ. ಬೆಳಗ್ಗೆ ಜೂ ತೆರೆದ ಕೂಡಲೇ ಸಫಾರಿ. ಬಿಸಿಲೇರಿದ ಮೇಲೆ ಪ್ರಾಣಿಗಳೂ ನೆರಳಿಗೆ ಹೋಗಿ ಮಲಗುತ್ತವೆ, ಆಮೇಲೆ ಬಂದವರು ಬಾಲ ನೋಡಿ ಹೋಗಬೇಕು. ಹನ್ನೆರಡಕ್ಕೆ ಹೊರಗೆ ಬಂದು ಊಟ. ಮಧ್ಯಾಹ್ನ ಹೊಸಪೇಟೆಯಲ್ಲಿ ಒಂದು ರೂಮು, ಮಕ್ಕಳಿಗೆ ನಿದ್ದೆ. ‘ಒಂದು ದಿನಕ್ಕೆ ರೂಮು ಯಾಕೆ ದಂಡ’ ಅಂತ ಅನಿಸುತ್ತದೆ, ಅಲ್ವಾ? ವಂಡರ್‌ಲಾದ ಒಬ್ಬರ ಟಿಕೆಟಿನ ದುಡ್ಡಿನಲ್ಲಿ ಅದು ಮುಗಿಯುತ್ತದೆ. ನಿದ್ದೆಯಾದ ಮಗುವಿನ ಸಂಜೆಯೇ ಬೇರೆ, ನಿದ್ದೆಗೆಟ್ಟ ಮಗುವಿನ ಸಂಜೆಯೇ ಬೇರೆ. ಸಂಜೆ ತುಂಗಭದ್ರಾ (ಟಿ.ಬಿ.) ಡ್ಯಾಂ ತೋಟ, ಅಲ್ಲಿನ ಸಂಗೀತ ಕಾರಂಜಿ. ಮಳೆಗಾಲದಲ್ಲಿ ಡ್ಯಾಂ ತುಂಬಿ 33 ಗೇಟುಗಳಲ್ಲಿ ನೀರು ಬಿಟ್ಟಾಗ ಹೋದರೆ ಯಾವ ವಾಟರ್ ಪಾರ್ಕೂ ಅದರ ಮುಂದೆ ಇಲ್ಲ. ಅಂಥ ದಿನ ಜನ ಕಿಕ್ಕಿರಿದಿರುತ್ತಾರೆ, ಮಗುವಿನ ಕೈ ಬಿಡಬೇಡಿ.

ಹಂಪಿಯನ್ನು ಅದೇ ದಿನಕ್ಕೆ ತುರುಕಬೇಡಿ. ದೊಡ್ಡವರಿಗೆ ಹಂಪಿ ಕಲ್ಲಿನಲ್ಲಿದೆ, ಸಣ್ಣ ಮಕ್ಕಳಿಗೆ ಬೇರೆ ಕಡೆ ಇದೆ. ವಿಜಯ ವಿಠ್ಠಲ ಗುಡಿಗೆ ಹೋಗುವ ಬ್ಯಾಟರಿ ಗಾಡಿ, ಆನೆ ಲಾಯದ ಸಾಲು ಬಾಗಿಲುಗಳಲ್ಲಿ ಕಣ್ಣಾಮುಚ್ಚಾಲೆ, ವಿರೂಪಾಕ್ಷ ಗುಡಿಯ ಕತ್ತಲೆ ಗೋಡೆ ಮೇಲೆ ತಲೆಕೆಳಗಾಗಿ ಬೀಳುವ ಗೋಪುರದ ನೆರಳು. ಈ ಮೂರು ಸಾಕು. ಕೈಯಲ್ಲಿ ಬಾಳೆಹಣ್ಣು, ಚಿಪ್ಸ್ ಪೊಟ್ಟಣ ಕಾಣುವಂತೆ ಕೊಡಬೇಡಿ, ಕೋತಿಗಳು ಮಕ್ಕಳ ಕೈಯಿಂದಲೇ ಕಸಿಯುತ್ತವೆ. ಮೇ ತಿಂಗಳಲ್ಲಿ ನಡು ಮಧ್ಯಾಹ್ನ ಅಲ್ಲಿನ ಬಂಡೆಗಳು ಕಾದ ಹಂಚು. ಸಂಜೆ ನಾಲ್ಕೂವರೆಯ ಮೇಲೆ ಹೋಗಿ.

ದರೋಜಿ ಕರಡಿಧಾಮ ಏಳು ವರ್ಷ ದಾಟಿದವರಿಗೆ ಮಾತ್ರ. ಮಧ್ಯಾಹ್ನದ ಮೇಲೆ ಬಂಡೆಗಳಿಗೆ ಬೆಲ್ಲ, ಜೇನು ಬೆರೆಸಿದ ಪಾಕ ಹಚ್ಚಿರುತ್ತಾರೆ, ಅದರ ವಾಸನೆಗೆ ಕರಡಿಗಳು ಇಳಿದು ಬರುತ್ತವೆ. ಅಟ್ಟಣಿಗೆಯ ಮೇಲೆ ಸದ್ದಿಲ್ಲದೆ ಕೂರಬೇಕು. ಸದ್ದಿಲ್ಲದೆ ಕೂರುವ ನಾಲ್ಕು ವರ್ಷದ ಮಗು ನಿಮ್ಮ ಮನೆಯಲ್ಲಿದ್ದರೆ ಕರೆದೊಯ್ಯಿರಿ, ನಾನಂತೂ ನೋಡಿಲ್ಲ. ಒಂದು ದುರ್ಬೀನು ಇದ್ದರೆ ದೊಡ್ಡ ಮಕ್ಕಳು ಈ ಸಂಜೆಯನ್ನು ಬಹಳ ದಿನ ಹೇಳಿಕೊಂಡು ತಿರುಗುತ್ತಾರೆ.

ಸಾಣಾಪುರ, ಆನೆಗೊಂದಿ ಕಡೆಯ ತೆಪ್ಪ? ಲೈಫ್ ಜಾಕೆಟ್ ಮಗುವಿನ ಅಳತೆಗೆ ಸರಿಯಾಗಿ ಸಿಕ್ಕರೆ, ನೀರು ನಿಂತಿದ್ದರೆ, ಆಗ ನೋಡೋಣ. ದೊಡ್ಡವರ ಜಾಕೆಟ್ ಮಗುವಿಗೆ ಹಾಕಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಡ್ಯಾಮಿನಿಂದ ನದಿಗೆ ನೀರು ಬಿಟ್ಟಿದ್ದರೆ ಹೊಳೆಯ ಕಡೆ ಹೋಗಲೇಬೇಡಿ.

ಕೊಪ್ಪಳದವರು ಪಶ್ಚಿಮಕ್ಕೂ ಒಮ್ಮೆ ನೋಡಬಹುದು. ಗದಗ ಹತ್ತಿರ ಬಿಂಕದಕಟ್ಟಿಯ ಪುಟ್ಟ ಜೂ ಅರ್ಧ ದಿನಕ್ಕೆ ಸಾಕಾಗುತ್ತದೆ. ಇನ್ನೂ ಮುಂದೆ, ಹುಬ್ಬಳ್ಳಿ ದಾಟಿ ಶಿಗ್ಗಾಂವಿ ಬಳಿಯ ಗೊಟಗೋಡಿಯಲ್ಲಿ ಉತ್ಸವ್ ರಾಕ್ ಗಾರ್ಡನ್ ಇದೆ. ಹಳ್ಳಿ ಬದುಕಿನ ಆಳೆತ್ತರದ ಗೊಂಬೆಗಳು. ಎಮ್ಮೆ ಹಿಂಡುವವರು, ಬಳೆ ಮಾರುವವರು ನಿಜವೋ ಗೊಂಬೆಯೋ ಅಂತ ಮಕ್ಕಳು ಮುಟ್ಟಿ ನೋಡುತ್ತಾರೆ.

ಊರ ಹತ್ತಿರದ ಸಣ್ಣ ವಾಟರ್ ಪಾರ್ಕುಗಳು

ಈಗ ಹೆದ್ದಾರಿ ಪಕ್ಕ, ರೆಸಾರ್ಟುಗಳ ಒಳಗೆ ಸಣ್ಣ ಸಣ್ಣ ವಾಟರ್ ಪಾರ್ಕುಗಳು ಏಳುತ್ತಿವೆ. ಟಿಕೆಟ್ ಕಡಿಮೆ, ದೂರ ಕಡಿಮೆ, ದಣಿವೂ ಕಡಿಮೆ. ಐದಾರು ವರ್ಷದ ಮಗುವಿಗೆ ಬೇಕಾದ್ದೆಲ್ಲ ಅಲ್ಲಿ ಸಿಗುತ್ತದೆ. ಚೆನ್ನಾಗಿದ್ದರೆ ಸಣ್ಣ ಮಕ್ಕಳಿಗೆ ಬೇಸಿಗೆಯಲ್ಲಿ ಇದೇ ಸರಿ. ಆದರೆ ‘ಚೆನ್ನಾಗಿದ್ದರೆ’ ಅನ್ನುವುದನ್ನು ನೀವೇ ನೋಡಬೇಕು. ಟಿಕೆಟ್ ತೆಗೆಯುವ ಮೊದಲು ಒಳಗೆ ಒಂದು ಕಣ್ಣು ಹಾಯಿಸುತ್ತೇನೆ ಅನ್ನಿ. ಬಿಡದಿದ್ದರೆ ಅಲ್ಲಿಂದಲೇ ವಾಪಸ್.

ನೋಡಬೇಕಾದ್ದು ಇಷ್ಟು. ಕೊಳದ ತಳ ಸ್ಪಷ್ಟವಾಗಿ ಕಾಣಬೇಕು. ತಳ ಕಾಣದಷ್ಟು ಮಬ್ಬಾದ ನೀರಿನಲ್ಲಿ ಮುಳುಗಿದ ಮಗುವೂ ಕಾಣುವುದಿಲ್ಲ. ನೀರು ಹೊರಹೋಗುವ ತೂತಿಗೆ ಗಟ್ಟಿಯಾದ ಜಾಲರಿ ಇರಬೇಕು. ಪಂಪಿನ ಎಳೆತಕ್ಕೆ ಕೂದಲು, ಬಟ್ಟೆ ಸಿಕ್ಕಿಕೊಳ್ಳುವುದುಂಟು. ಸಣ್ಣವರ ಕೊಳಕ್ಕೂ ದೊಡ್ಡವರ ಕೊಳಕ್ಕೂ ನಡುವೆ ತಡೆ ಇರಬೇಕು. ಲೈಫ್‌ಗಾರ್ಡ್ ಇದ್ದಾನಾ, ಇದ್ದರೆ ನೀರನ್ನು ನೋಡುತ್ತಿದ್ದಾನಾ, ಮೊಬೈಲನ್ನಾ? ಇನ್ನೊಂದು ಗುರುತು ಹೇಳುತ್ತೇನೆ. ಹತ್ತಿ ಬಟ್ಟೆ, ಜೀನ್ಸ್ ಹಾಕಿಕೊಂಡೇ ಜನ ನೀರಿಗೆ ಇಳಿಯುತ್ತಿದ್ದರೆ ಅಲ್ಲಿನವರಿಗೆ ನೀರಿನ ಚಿಂತೆ ಇಲ್ಲ ಅಂತ ತಿಳಿಯಿರಿ. ದೊಡ್ಡ ಪಾರ್ಕುಗಳಲ್ಲಿ ನೈಲಾನ್ ಬಟ್ಟೆ ಇಲ್ಲದೆ ನೀರಿಗೆ ಬಿಡುವುದಿಲ್ಲ.

ತೋಳಿಗೆ ಕಟ್ಟುವ ಗಾಳಿ ಬಲೂನುಗಳನ್ನು ನಂಬಿ ಮಗುವನ್ನು ಬಿಟ್ಟು ಕೂರಬೇಡಿ. ಅವು ಆಟದ ಸಾಮಾನು. ನೀರಿನಲ್ಲಿ ಸಣ್ಣ ಮಗು ನಿಮ್ಮ ಕೈಗೆ ಸಿಗುವಷ್ಟು ಹತ್ತಿರವೇ ಇರಬೇಕು.

ಜಾತ್ರೆ ಇದೆಯಲ್ಲ

ಥೀಮ್ ಪಾರ್ಕು ಅನ್ನುವುದು ಬರುವುದಕ್ಕೆ ಮೊದಲು ನಮಗೆಲ್ಲ ಅದೇ ಥೀಮ್ ಪಾರ್ಕು. ಕೊಪ್ಪಳದ ಗವಿಮಠದ ಜಾತ್ರೆ ಪುಷ್ಯ ಮಾಸದಲ್ಲಿ, ಹುಣ್ಣಿಮೆಯಾದ ಎರಡನೇ ದಿನ ತೇರು. ಸಾಮಾನ್ಯವಾಗಿ ಜನವರಿ. ತೇರಿನ ದಿನ ಸಣ್ಣ ಮಕ್ಕಳನ್ನು ಎತ್ತಿಕೊಂಡು ಆ ಜನಸಾಗರಕ್ಕೆ ಇಳಿಯುವುದು ಬೇಡ. ತೇರು ಮುಗಿದ ಮೇಲೂ ಅಂಗಡಿಗಳು, ತೊಟ್ಟಿಲು, ಕುದುರೆ ಆಟ ಎಲ್ಲ ಬಹಳ ದಿನ ಇರುತ್ತವೆ. ವಾರದ ನಡುವಿನ ಒಂದು ಸಂಜೆ ಹೋದರೆ ಮಗುವಿಗೆ ನಾಲ್ಕು ಆಟ, ಒಂದು ಪೀಪಿ, ಬೆಂಡು ಬತ್ತಾಸು, ಜೊತೆಗೆ ಮಠದ ದಾಸೋಹ. ಚಳಿಗಾಲ, ಹಾಗಾಗಿ ಬಿಸಿಲಿನ ಕಾಟವೂ ಇಲ್ಲ.

ಬೇಸಿಗೆಯಲ್ಲಿ ಊರಿಗೆ ಬರುವ ಎಕ್ಸಿಬಿಷನ್‌ಗಳೂ ಇದೇ ಜಾತಿ. ಇಲ್ಲಿ ಎತ್ತರ ಅಳೆಯುವವರು ಯಾರೂ ಇಲ್ಲ, ಮೂರು ವರ್ಷದ ಕೂಸನ್ನೂ ಕೊಲಂಬಸ್ ಅನ್ನುವ ತೂಗುವ ದೋಣಿ ಹತ್ತಿಸುತ್ತಾರೆ. ಹಾಗಾಗಿ ಅಳೆಯುವ ಕೆಲಸ ನಿಮ್ಮದು. ಬಿಚ್ಚಿ ಕಟ್ಟುವ ಆಟಗಳು ಇವು. ಸೀಟಿಗೆ ಸರಿಯಾದ ಬೆಲ್ಟ್ ಅಥವಾ ಅಡ್ಡ ಸರಳು ಇಲ್ಲದ ಯಾವುದನ್ನೂ ಹತ್ತಿಸಬೇಡಿ. ಸಣ್ಣವರಿಗೆ ನೆಲದ ಮಟ್ಟದಲ್ಲಿ ತಿರುಗುವ ಕುದುರೆ, ಕಾರುಗಳೇ ಸಾಕು.

ದೊಡ್ಡ ಪಾರ್ಕಿಗೇ ಹೊರಟಿರಾ?

ಸರಿ, ಮಗು 120 ದಾಟಿದೆ, ಅಥವಾ ಹಟಕ್ಕೆ ಸೋತಿದ್ದೀರಿ. ಹಾಗಾದರೆ ವಾರದ ದಿನ ಹೋಗಿ. ಟಿಕೆಟ್ ಕಡಿಮೆ, ಸಾಲು ಕಡಿಮೆ. ಸಾಲಿನಲ್ಲಿ ನಿಲ್ಲುವುದೇ ಸಣ್ಣ ಮಕ್ಕಳಿಗೆ ಎಲ್ಲಕ್ಕಿಂತ ದೊಡ್ಡ ಶಿಕ್ಷೆ.

ಒಳಗೆ ಹೋದ ಕೂಡಲೇ ಮೊದಲು ಒಣ ರೈಡುಗಳು. ನೀರಿನ ಆಟಗಳು ಸ್ವಲ್ಪ ತಡವಾಗಿ ಶುರುವಾಗುತ್ತವೆ. ಒಮ್ಮೆ ನೀರಿಗೆ ಇಳಿದ ಮಗು ಮತ್ತೆ ಬಟ್ಟೆ ಬದಲಿಸಿ ಒಣ ರೈಡಿಗೆ ಬರುವುದು ಸುಳ್ಳು. ಹನ್ನೆರಡು ಹೊಡೆಯುತ್ತಿದ್ದಂತೆ ಊಟ ಮುಗಿಸಿ. ಒಂದೂವರೆಗೆ ಹೋದರೆ ತಟ್ಟೆ ಹಿಡಿದು ನಿಲ್ಲಬೇಕು. ಹೊರಗಿನ ಬುತ್ತಿ ಒಳಗೆ ಬಿಡುವುದಿಲ್ಲ, ರೊಟ್ಟಿ ಶೇಂಗಾಚಟ್ನಿ ಗಂಟು ರೈಲಿಗೆ ಮಾತ್ರ. ಕೂಸಿನ ಊಟ, ಹಾಲು ಇದ್ದರೆ ಗೇಟಿನಲ್ಲಿ ಮೊದಲೇ ಹೇಳಿ. ಊಟವಾಗಿ ಅರ್ಧ ಗಂಟೆ ನೆರಳಲ್ಲಿ ಕೂತು ಆಮೇಲೆ ನೀರು.

ಇಬ್ಬರು ಮಕ್ಕಳಲ್ಲಿ ಒಬ್ಬರು ದೊಡ್ಡವರು, ಒಬ್ಬರು ಸಣ್ಣವರು ಇದ್ದರೆ ಬೆಳಗ್ಗೆಯೇ ಪಾಳಿ ಹಂಚಿಕೊಳ್ಳಿ. ಊಟದವರೆಗೆ ಅಪ್ಪ ದೊಡ್ಡವನ ಜೊತೆ, ಊಟವಾದ ಮೇಲೆ ಅಮ್ಮ. ಇಲ್ಲದಿದ್ದರೆ ಏನಾಗುತ್ತೆ ಅಂತ ಎಲ್ಲ ಅಮ್ಮಂದಿರಿಗೂ ಗೊತ್ತು. ಇಡೀ ದಿನ ಚೀಲ ಕಾಯುವುದು ಒಬ್ಬರ ಪಾಲಿಗೇ ಬರುತ್ತದೆ.

ಮಕ್ಕಳ ನೀರಿನ ಬಟ್ಟೆ ಕೇಸರಿ, ಹಳದಿ, ಕೆಂಪು ಇರಲಿ. ನೀಲಿ, ಬೂದು ಬಣ್ಣ ನೀರಿನೊಳಗೆ ಕಾಣುವುದೇ ಇಲ್ಲ. ಗೇಟಿನ ಹತ್ತಿರ ಮಗುವಿನ ಒಂದು ಫೋಟೊ ತೆಗೆದುಕೊಳ್ಳಿ. ಕಳೆದುಹೋದರೆ ‘ಯಾವ ಅಂಗಿ ಹಾಕಿದ್ದ?’ ಅಂತ ಕೇಳಿದಾಗ ಗಾಬರಿಯಲ್ಲಿ ನೆನಪಾಗುವುದಿಲ್ಲ. ತೋಳಿನ ಮೇಲೆ ನೀರಿಗೆ ಅಳಿಸದ ಪೆನ್ನಿನಿಂದ ಫೋನ್ ನಂಬರ್ ಬರೆಯಿರಿ. ಆ ಫೋನ್ ಲಾಕರಿನಲ್ಲಿದ್ದರೆ ಬರೆದು ಉಪಯೋಗವಿಲ್ಲ. ಒಬ್ಬರ ಫೋನಾದರೂ ನೀರು ಹೋಗದ ಚೀಲದಲ್ಲಿ ಕೊರಳಲ್ಲಿರಲಿ. ಕಳೆದುಹೋದರೆ ಯೂನಿಫಾರಂ ಹಾಕಿದ ಅಕ್ಕನ ಹತ್ತಿರ ಹೋಗಬೇಕು ಅಂತ ಮಗುವಿಗೆ ಹೇಳಿಕೊಡಿ, ಅಂಥ ಒಬ್ಬರನ್ನು ಬೆರಳು ತೋರಿಸಿ ಗುರುತು ಮಾಡಿಸಿ.

ರೈಲು ಟಿಕೆಟ್ ಪ್ರಯಾಣದ 60 ದಿನ ಮೊದಲು ತೆರೆಯುತ್ತದೆ. ಏಪ್ರಿಲ್ ನಡುವಿನ ರಜೆಗೆ ಹೋಗುವವರು ಫೆಬ್ರುವರಿಯಲ್ಲೇ ತೆಗೆಯಬೇಕು. ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಕೇಳದಿದ್ದರೆ ದುಡ್ಡಿಲ್ಲ. ಐದರಿಂದ ಹನ್ನೆರಡರವರೆಗೆ ಬರ್ತ್ ಬೇಡ ಅಂದರೆ ಅರ್ಧ, ಬೇಕು ಅಂದರೆ ಪೂರ್ತಿ. ಹೋಗುವಾಗ ಒಂದೇ ಬರ್ತಿನಲ್ಲಿ ಮಗುವನ್ನು ಒತ್ತರಿಸಿಕೊಂಡು ಮಲಗಬಹುದು. ವಾಪಸ್ ಬರುವ ರಾತ್ರಿ ಮಗುವಿಗೂ ಒಂದು ಬರ್ತ್ ತೆಗೆಯಿರಿ, ಎಲ್ಲರ ಮೈಕೈ ನೋಯುತ್ತಿರುತ್ತದೆ. ಒದ್ದೆ ಬಟ್ಟೆಗೆ ಎರಡು ಪ್ಲಾಸ್ಟಿಕ್ ಚೀಲ ಬೇರೆ ಇಟ್ಟುಕೊಳ್ಳಿ.